ಹಾರ ಬೀಳುವವರೆಗೆ

ಮಧ್ಯಾಹ್ನ ಮೂರೂ ಮುಕ್ಕಾಲು. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಆಗ ತಿಪಟೂರಿನಲ್ಲಿ ಕರೆಂಟು ಪಾಳಿಯ ಮೇಲೆ ಬರುತ್ತಿತ್ತು, ಆ ವಾರ ನಮ್ಮ ಬೀದಿಗೆ ನಾಲ್ಕಕ್ಕೆ ನಿಲ್ಲುತ್ತಿತ್ತು. ಇನ್ನು ಕಾಲು ಗಂಟೆ ಉಳಿದಿದೆ ಎಂದು ನಮ್ಮ ಯಜಮಾನರು ಆತುರದಲ್ಲಿದ್ದರು. ಕಾಫಿ ತಂದಿದ್ದೇನೆ ಎಂದಾಗ ತಲೆ ಎತ್ತಲಿಲ್ಲ. "ಅಲ್ಲೇ ಇಡು, ಕರೆಂಟ್ ಹೋದ್ಮೇಲೆ ಕುಡಿತೀನಿ" ಎಂದರು. ನಾನು ವರ್ಕ್‌ಶಾಪಿನ ಬಾಗಿಲಲ್ಲಿ ಎರಡು ಲೋಟ ಹಿಡಿದು ನಿಂತಿದ್ದೆ. ತಗಡು ಒತ್ತಿ ಆಕಾರ ಕೊಡುವ ಪ್ರೆಸ್ಸು ಒಮ್ಮೆ ಇಳಿಯಿತು, ಏರಿತು. ಅವರು ಪೆಡಲಿನ ಮೇಲಿಂದ ಕಾಲು ತೆಗೆದರು. ಅದನ್ನು ನಾನು ಕಣ್ಣಾರೆ ನೋಡಿದೆ. ಒತ್ತಿದ ತಗಡನ್ನು ಈಚೆ ತೆಗೆಯಲು ಎಡಗೈ ಒಳಗೆ ಹಾಕಿದರು. ಯಾರೂ ತುಳಿಯದೆ, ಪ್ರೆಸ್ಸು ಎರಡನೇ ಸಲ ಇಳಿಯಿತು.

ಪೆಟ್ಟು ಬಿದ್ದದ್ದು ಅವರ ಕೈಗೆ. ಆದರೆ ಆ ಎರಡನೇ ಇಳಿತ ನನ್ನ ಕಾಯಿಲೆಯಾಯಿತು. ಮೈಮೇಲೆ ಒಂದು ಗೀರೂ ಇಲ್ಲದೆ, ಕಂಡದ್ದರಿಂದಲೇ ನಿದ್ದೆ ಕಳೆದುಕೊಂಡವರು ನಾನೊಬ್ಬಳೇ ಇರಲಾರೆ. ಲೇತಿನ ಮುಂದೆ, ಗಾಣದ ಮುಂದೆ, ಹಿಟ್ಟಿನ ಗಿರಣಿಯ ಬೆಲ್ಟಿನ ಮುಂದೆ ನಿಂತು ನೋಡಿದವರು ಎಷ್ಟೋ ಜನ ಇದ್ದಾರು. "ನಿನಗೇನಾಗಿದೆ, ಗಾಯ ಆದದ್ದು ಅವನಿಗೆ ತಾನೆ" ಎಂಬ ಮಾತನ್ನು ಅವರೂ ಕೇಳಿರುತ್ತಾರೆ. ಅವರನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಊರಂಚಿನ ಸಣ್ಣ ವರ್ಕ್‌ಶಾಪು. ತೋಟಗಳಿಗೆ ಕಬ್ಬಿಣದ ಗೇಟು, ಕಿಟಕಿಗೆ ಗ್ರಿಲ್ಲು, ಬಾಗಿಲಿಗೆ ಚಿಲಕ, ಕೀಲು ಮಾಡುತ್ತಿದ್ದೆವು. ಯಜಮಾನರ ಹೆಸರು ಪಂಚಾಕ್ಷರಿ. ವೆಲ್ಡಿಂಗ್ ಕೆಲಸಕ್ಕೆ ಬಷೀರ್ ಇದ್ದರು, ಯಜಮಾನರಿಗಿಂತ ಹತ್ತು ವರ್ಷ ದೊಡ್ಡವರು. ವರ್ಕ್‌ಶಾಪಿನ ಹಿಂದೆಯೇ ಮನೆ, ಮನೆಯ ಹಿಂದೆ ಹಿತ್ತಲು, ಹಿತ್ತಲಲ್ಲಿ ಒಂದಿಷ್ಟು ತೆಂಗಿನ ಮರ. ಮನೆಯಲ್ಲಿ ನಾನು, ಅವರು, ಅತ್ತೆ ಗೌರಮ್ಮ. ನಾನು ತುಮಕೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಮದುವೆಯಾಗಿ ಬಂದವಳು. ಕಬ್ಬಿಣದ ಸದ್ದಿಗೆ ಒಗ್ಗಿಕೊಳ್ಳಲು ಒಂದು ವರ್ಷ ಹಿಡಿದಿತ್ತು. ಒಗ್ಗಿದ ಮೇಲೆ ಆ ಸದ್ದಿನಲ್ಲೇ ಮಧ್ಯಾಹ್ನ ಕಣ್ಣು ಮುಚ್ಚುತ್ತಿದ್ದೆ.

ಆ ಪ್ರೆಸ್ಸನ್ನು ಬೆಂಗಳೂರಿನಿಂದ ಹಳೆಯದಾಗಿ ಕೊಂಡು ತಂದಿದ್ದರು. ತಂದ ವಾರವೇ ಯಜಮಾನರು ಅದರ ಬಾಯಿಗೆ ಒಂದು ಕಬ್ಬಿಣದ ಜಾಲರಿ ಮಾಡಿ ಬೋಲ್ಟ್ ಹಾಕಿ ಕೂರಿಸಿದ್ದರು. ತಗಡು ಜಾರುವಷ್ಟು ಸಂದು, ಬೆರಳು ಹೋಗದಷ್ಟು ಸಂದು. ಒತ್ತಿದ್ದನ್ನು ಕೊಕ್ಕೆಯಿಂದ ಎಳೆಯಬೇಕಿತ್ತು. ಕೆಲಸ ನಿಧಾನವಾಗುತ್ತಿತ್ತು. "ಆದ್ರೆ ಆಗ್ಲಿ, ಕೈ ನಮ್ದು" ಎನ್ನುತ್ತಿದ್ದರು.

ಅಂಥವರು ಜಾಲರಿಯಿಲ್ಲದೆ ಏಕೆ ಕೆಲಸ ಮಾಡುತ್ತಿದ್ದರು ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಕೇಳಿದರು. ಉತ್ತರ ನಮಗೆ ಮೂವರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಅದಕ್ಕೆ ಕೆಲವೇ ದಿನ ಮುಂಚೆ ಆಯುಧಪೂಜೆಯಾಗಿತ್ತು. ಮೆಷಿನ್ನುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಒರೆಸಿ, ವಿಭೂತಿ ಬಳಿದು, ಬೂದುಗುಂಬಳ ಒಡೆದಿದ್ದರು. ಪ್ರೆಸ್ಸಿನ ಮುಖಕ್ಕೆ ವಿಭೂತಿ ಹಚ್ಚಬೇಕೆಂದು ಜಾಲರಿ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಅತ್ತೆ ತಾವೇ ಕಟ್ಟಿದ ಸೇವಂತಿಗೆ ಹಾರ ತಂದರು. ಹಾರ ಕಟ್ಟಲು ಅಲ್ಲಿ ಬೇರೆ ಆಸರೆ ಇರಲಿಲ್ಲ. ಜಾಲರಿಯ ಬೋಲ್ಟ್ ಕೂರುವ ತೂತುಗಳಲ್ಲೇ ದಾರ ತೂರಿಸಿ ಕಟ್ಟಿದರು. ನಮ್ಮ ಮನೆಯಲ್ಲಿ ಒಂದು ಪದ್ಧತಿ. ಆಯುಧಪೂಜೆಯ ಹಾರವನ್ನು ಯಾರೂ ಕೈಯಿಂದ ತೆಗೆಯುವಂತಿಲ್ಲ. ಒಣಗಿ ತಾನಾಗಿ ಬೀಳಬೇಕು, ಬಿದ್ದದ್ದನ್ನು ತೆಂಗಿನ ಬುಡಕ್ಕೆ ಹಾಕಬೇಕು. ಮಾವನವರ ಕಾಲದಿಂದ, ಬರೀ ಸುತ್ತಿಗೆ ಕುಲುಮೆ ಇದ್ದ ಕಾಲದಿಂದ ನಡೆದು ಬಂದದ್ದು. ಸುತ್ತಿಗೆಯ ಮೇಲೆ ಹಾರವಿದ್ದರೆ ಯಾರಿಗೆ ಏನು ತೊಂದರೆ?

ಮೆಷಿನ್ನು ಶುರು ಮಾಡಿದ ದಿನ ಬಷೀರ್ ಜಾಲರಿ ಎತ್ತಿಕೊಂಡು ಬಂದು, "ಅಣ್ಣ, ಇದು?" ಎಂದಿದ್ದರು.

"ಬುಡಿ ಬಷೀರಣ್ಣ, ಹಾರ ಬೀಳ್ಲಿ, ಆಮೇಲೆ ಹಾಕಣ. ಅವ್ವ ನೋಡಿದ್ರೆ ಸುಮ್ನೆ ನೊಂದ್ಕೊತಾಳೆ."

"ಹೂವ ಇನ್ನೂ ಬಾಡೇ ಇಲ್ಲ" ಎಂದು ಬಷೀರ್ ನಕ್ಕರು. ಜಾಲರಿ ಮತ್ತೆ ಗೋಡೆಗೆ ಹೋಯಿತು.

ಎರಡನೇ ಸಲ ಇಳಿದಾಗ ಯಾರೂ ಕೂಗಿಕೊಳ್ಳಲಿಲ್ಲ. ಅವರು ಮೆಲ್ಲಗೆ, ಯಾರನ್ನೋ ಉಪ್ಪು ಕೇಳುವ ಹಾಗೆ, "ಸ್ವಿಚ್ಚು" ಎಂದರು. ಬಷೀರ್ ಮೇನ್ ಎಳೆದರು. ಅಷ್ಟರಲ್ಲಿ ಪ್ರೆಸ್ಸು ತಾನಾಗಿ ಮೇಲೆ ಹೋಗಿತ್ತು. ಕೈ ಈಚೆ ಬಂತು. ಅದನ್ನು ವರ್ಣಿಸುವುದಿಲ್ಲ. ನನಗೆ ಸ್ಪಷ್ಟವಾಗಿ ನೆನಪಿರುವುದು ಹಾರ. ತೂಗಾಡುತ್ತಿತ್ತು, ಒಂದೆರಡು ಎಸಳು ಉದುರಿದವು, ಬೀಳಲಿಲ್ಲ. ಇನ್ನೊಂದು ನೆನಪು ನನ್ನದೇ. ಲೋಟಗಳನ್ನು ನಾನು ಕೈಬಿಡಲಿಲ್ಲ. ಬಗ್ಗಿ, ಚೆಲ್ಲದ ಹಾಗೆ, ಎರಡನ್ನೂ ನೆಲದ ಮೇಲೆ ಇಟ್ಟೆ. ಆಮೇಲೆ ಓಡಿದೆ.

ಎದುರಿನ ಕೊಬ್ಬರಿ ಮಂಡಿಯವರ ವ್ಯಾನು ಲೋಡಾಗಿ ನಿಂತಿತ್ತು. ಅರ್ಧ ಮೂಟೆಗಳನ್ನು ಬೀದಿಗೆ ಎಸೆದು ನಮಗೆ ಜಾಗ ಮಾಡಿಕೊಟ್ಟರು. ಊರಿನ ಆಸ್ಪತ್ರೆಯಲ್ಲಿ ಕಟ್ಟು ಕಟ್ಟಿ, ಇಂಜೆಕ್ಷನ್ ಕೊಟ್ಟು, "ಇಲ್ಲಿ ಆಗೋದಲ್ಲ, ಬೆಂಗಳೂರಿಗೆ ಕರ್ಕೊಂಡು ಹೋಗಿ" ಎಂದರು. ಅದೇ ವ್ಯಾನಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಅವರ ಮೊಣಕೈಯನ್ನು ನನ್ನ ಭುಜಕ್ಕೆ ಆನಿಸಿ ಕೈಯನ್ನು ಮೇಲಕ್ಕೆ ಹಿಡಿದಿದ್ದೆ. ಸುತ್ತ ಒಣಕೊಬ್ಬರಿಯ ವಾಸನೆ. ಅವತ್ತಿನಿಂದ ಆ ವಾಸನೆ ಬಂದರೆ ಮೂಗಿಗೆ ಸೆರಗು ಹಿಡಿಯುತ್ತಿದ್ದೆ. ತಿಪಟೂರಿನಲ್ಲಿ ಇದ್ದುಕೊಂಡು ಕೊಬ್ಬರಿ ವಾಸನೆಯಿಂದ ತಪ್ಪಿಸಿಕೊಳ್ಳುವುದು ಎಲ್ಲಿಗೆ?

ಅತ್ತೆ ಎದುರಿಗೆ ಮೂಟೆಯ ಮೇಲೆ ಕೂತಿದ್ದರು. ಗುಬ್ಬಿ ದಾಟಿದ ಮೇಲೆ ಒಂದೇ ಮಾತು ಕೇಳಿದರು.

"ಎಡಗೈಯೇನವ್ವ?"

"ಹೌದು ಅತ್ತೆ."

ನಮ್ಮವರಲ್ಲದವರಿಗೆ ಆ ಪ್ರಶ್ನೆಯ ಭಾರ ತಿಳಿಯಲಾರದು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುತ್ತೇವೆ. ಬೆಳಗ್ಗೆ ಅದಾಗದೆ ಬಾಯಿಗೆ ನೀರೂ ಹಾಕದ ಮನೆ ನಮ್ಮದು. ಆಮೇಲೆ ಬಂದವರೆಲ್ಲ "ಸದ್ಯ, ಎಡಗೈ" ಎಂದು ಸಮಾಧಾನ ಹೇಳಿದರು. ಪ್ರತಿ ಸಲವೂ ಅತ್ತೆ ಮುಖ ತಿರುಗಿಸಿದ್ದನ್ನು ನಾನೊಬ್ಬಳೇ ಗಮನಿಸಿದೆ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್‌ಗೆ ಒಯ್ಯುವ ಮೊದಲು ಮೈಮೇಲಿನದೆಲ್ಲ ತೆಗೆಯಬೇಕು ಎಂದರು. ಉಡುದಾರ, ಉಂಗುರ ತೆಗೆದೆ. ಕೊರಳಲ್ಲಿ ಕರಡಿಗೆ ಇತ್ತು, ಲಿಂಗವಿರುವ ಬೆಳ್ಳಿಯ ಭರಣಿ. ವಾರ್ಡ್‌ಬಾಯ್ ಅದಕ್ಕೂ ಕೈ ಹಾಕಿದ. ಅಲ್ಲಿಯವರೆಗೆ ಅರೆಪ್ರಜ್ಞೆಯಲ್ಲಿದ್ದವರು ಬಲಗೈಯಿಂದ ಅದನ್ನು ಮುಚ್ಚಿ ಹಿಡಿದುಬಿಟ್ಟರು.

"ಇದೊಂದು ಬುಡಪ್ಪ."

"ರೂಲ್ಸ್ ಸಾರ್. ಎಲ್ಲಾ ತೆಗೀಬೇಕು."

"ಹಂಗಾದ್ರೆ ನಂಗೆ ಆಪರೇಷನ್ನೇ ಬ್ಯಾಡ."

ಅತ್ತೆ ನನ್ನ ತೋಳು ಹಿಡಿದರು. ಆ ಹಿಡಿತದಲ್ಲಿ ಮಗನನ್ನು ಒಪ್ಪಿಸು ಎಂದಿತ್ತೋ, ಲಿಂಗ ಬಿಡಿಸಬೇಡ ಎಂದಿತ್ತೋ. ಅವರಿಗೂ ಗೊತ್ತಿರಲಿಲ್ಲ ಎನಿಸುತ್ತದೆ. ಆಗ ಕೇರಳದ ಕಡೆಯ ಒಬ್ಬ ನರ್ಸು ಬಂದರು. ಏನು ಎಂದು ಕೇಳಿ, ಅರ್ಧ ಅರ್ಥ ಮಾಡಿಕೊಂಡು, ಗಾಜ್ ಬಟ್ಟೆಯ ಒಂದು ಸುರುಳಿ ತಂದರು. ಕರಡಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಅವರ ಬಲತೋಳಿನ ಮೇಲ್ಭಾಗಕ್ಕೆ ಬಿಗಿಯಾಗಿ ಕಟ್ಟಿದರು. "ಡಾಕ್ಟರಿಗೆ ನಾನು ಹೇಳ್ತೆ. ದೇವರು ನಿಮ್ಮ ಹತ್ರನೇ ಇರ್ತಾರೆ. ಈಗ ಬಾ" ಎಂದರು. ಅವರ ಹೆಸರನ್ನು ಕೇಳಲಿಲ್ಲ. ಆ ವರ್ಷದ ಕೆಟ್ಟ ನೆನಪುಗಳ ಸಾಲು ಓಡುವಾಗ ಒಮ್ಮೊಮ್ಮೆ ಆ ಬಿಳಿ ಬಟ್ಟೆಯ ಗಂಟೂ ಬರುತ್ತದೆ. ಆಗ ಉಸಿರು ಸ್ವಲ್ಪ ಹಗುರಾಗುತ್ತದೆ.

ತೋರುಬೆರಳು, ನಡುಬೆರಳು ಹೋದವು. ಉಂಗುರದ ಬೆರಳಿನಲ್ಲಿ ಒಂದು ಗೆಣ್ಣು ಉಳಿಯಿತು. ಹೆಬ್ಬೆರಳಿಗೂ ಕಿರುಬೆರಳಿಗೂ ಏನೂ ಆಗಿರಲಿಲ್ಲ. ಪ್ರಶ್ನೆ ಇದ್ದದ್ದು ಅಂಗೈಯದು. ಚರ್ಮ ಪೂರ್ತಿ ಎದ್ದುಹೋಗಿತ್ತು, ಮೇಲಾಗಿ ಕೀವು ಕಾಣಿಸಿಕೊಂಡಿತ್ತು. ಸರ್ಜನ್ ಹೆಚ್ಚು ಮಾತಿನವರಲ್ಲ. "ನೋಡಣ. ಕಪ್ಪಾಗ್ತಾ ಹೋದ್ರೆ ಮಣಿಕಟ್ಟಿನ ಹತ್ರ ತೆಗೀಬೇಕಾಗ್ತದೆ" ಎಂದು ಹೇಳಿ ಮುಂದಿನ ಹಾಸಿಗೆಗೆ ಹೊರಟರು.

ಅತ್ತೆ ಅವರ ಹಿಂದೆಯೇ ಹೋದರು. "ಸ್ವಾಮಿ, ಬೆರಳು ಹೋಗಿದ್ದು ಹೋಗ್ಲಿ. ನಾನು ಕೇಳಾಕಿಲ್ಲ. ಅಂಗೈ ಒಂದು ಉಳಿಸಿಕೊಡಿ."

"ಪ್ರಯತ್ನ ಮಾಡ್ತಾ ಇದೀವಮ್ಮ."

"ಒಂದು ಹಿಡಿಯಷ್ಟು ಸಾಕು. ಲಿಂಗ ಕೂತ್ಕಣಷ್ಟು."

ಸರ್ಜನ್ ನಿಂತರು. ಅತ್ತೆಯ ಮುಖ ನೋಡಿದರು. "ಎಷ್ಟು ದೊಡ್ಡದಮ್ಮ ಲಿಂಗ?" ಎಂದು ಕೇಳಿದರು. ಅತ್ತೆ ತಮ್ಮ ಕರಡಿಗೆ ತೆಗೆದು ತೋರಿಸಿದರು. ಅವರು ಬಗ್ಗಿ ನೋಡಿ, ತಲೆಯಾಡಿಸಿ ಹೋದರು.

ಅಲ್ಲಿಂದ ಶುರುವಾದದ್ದು ಕಾಯುವುದು. ದಿನ ಬಿಟ್ಟು ದಿನ ಡ್ರೆಸ್ಸಿಂಗ್. ನಮ್ಮನ್ನು ಹೊರಗೆ ಕಳಿಸುತ್ತಿದ್ದರು. ಕಾರಿಡಾರಿನ ಉದ್ದಕ್ಕೆ ಸಿಮೆಂಟಿನ ಕಟ್ಟೆ, ಅದರ ಮೇಲೆ ನಮ್ಮಂಥವರು. ಒಬ್ಬಾಕೆ ರೊಟ್ಟಿ ಬಿಚ್ಚಿದರೆ ಪಕ್ಕದವರಿಗೂ ಒಂದು ತುಂಡು. ಯಾರೂ ಯಾರ ಊರೂ ಕೇಳದೆ ಎಷ್ಟು ದಿನವಾಯಿತು ಎಂದು ಮಾತ್ರ ಕೇಳುತ್ತಿದ್ದರು. ನಾನು ಕೂರಲಾರೆ. ಮೆಟ್ಟಿಲವರೆಗೆ ಹೋಗುವೆ, ಬರುವೆ. ಒಳಗಿನಿಂದ ಟ್ರೇಯ ಸದ್ದು ಬಂದರೆ ನನ್ನ ಎಡಗೈ ತಾನಾಗಿ ಮುಷ್ಟಿ ಕಟ್ಟಿ ಎದೆಗೆ ಬರುತ್ತಿತ್ತು. ಬಿಡಿಸಲು ಬಲಗೈ ಬೇಕಾಗುತ್ತಿತ್ತು. ನರ್ಸು ಹೊರಗೆ ಬಂದು "ಇವತ್ತು ಕೆಂಪಿದೆ" ಎಂದರೆ ಆ ದಿನ ಗೆದ್ದ ಹಾಗೆ.

ಒಂದು ದಿನ ಸರ್ಜನ್, "ಇನ್ನು ಕೈ ತೆಗೆಯೋ ಮಾತಿಲ್ಲ. ಆದ್ರೆ ಅಂಗೈಗೆ ಚರ್ಮ ಬೇಕು. ಹೊಟ್ಟೇದು ಕೊಡ್ತೀವಿ" ಎಂದರು. ಹೊಟ್ಟೆಯ ಚರ್ಮವನ್ನು ಒಂದು ಕಡೆ ಬಿಡಿಸಿ, ಅಂಗೈಯನ್ನು ಅದಕ್ಕೆ ಹೊಲಿದು, ಎರಡೂ ಬೆಸೆದುಕೊಳ್ಳುವವರೆಗೆ ಹಾಗೇ ಬಿಡುತ್ತಾರಂತೆ. ಮೂರು ವಾರ ಯಜಮಾನರ ಎಡಗೈ ಅವರ ಹೊಟ್ಟೆಗೇ ಹೊಲಿದುಕೊಂಡಿತ್ತು. ಮಗ್ಗುಲಾಗುವಂತಿಲ್ಲ, ಕೆಮ್ಮಿದರೆ ಜೀವ ಹೋಗುವಂಥ ನೋವು, ನಗುವಂತಿಲ್ಲ.

ನಗುವಂತಿಲ್ಲ ಎಂಬುದನ್ನು ಪಕ್ಕದ ಹಾಸಿಗೆಯ ಜವರಪ್ಪನಿಗೆ ಯಾರೂ ಹೇಳಿರಲಿಲ್ಲ. ಮಂಡ್ಯದ ಕಡೆಯ ಆಲೆಮನೆಯವನು, ಕಬ್ಬಿನ ಗಾಣಕ್ಕೆ ಬಲಗೈ ಕೊಟ್ಟು ಬಂದಿದ್ದ.

"ಏನ್ ಪಂಚಾಕ್ಷರಪ್ಪ, ಉಂಡವ್ರಂಗೆ ಹೊಟ್ಟೆ ಮ್ಯಾಲೆ ಕೈ ಮಡಿಕಂಡು ಮನಗಿದ್ದೀಯ."

"ನಗಿಸ್ಬೇಡ ಮಾರಾಯ, ಹೊಲಿಗೆ."

"ನಗ್ಬ್ಯಾಡ ಕಣಪ್ಪ, ನಾ ಹೇಳೋದು ಕೇಳು. ನಿಂದು ಬಲಗೈ ಸರಿಯಾಗೈತೆ, ನಂದು ಎಡಗೈ. ಹೊರಕ್ಕೋದ್ಮೇಲೆ ಯಾವ್ದಾದ್ರೂ ಮದ್ವೆಗೆ ಜೊತೇಲಿ ಕೂತ್ಕಳವಾ. ಇಬ್ರೂ ಸೇರಿ ಚಪ್ಪಾಳೆ ಹೊಡಿಯಕ್ಕಾಯ್ತದೆ."

ಯಜಮಾನರು ಹೊಟ್ಟೆ ಬಿಗಿಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ, ಬಾಯಿ ಮುಚ್ಚಿಕೊಂಡು ನಕ್ಕರು. ಪೆಟ್ಟಾದ ಮೇಲೆ ಮೊದಲ ಸಲ. ಅತ್ತೆಯೂ ಸೆರಗು ಬಾಯಿಗಿಟ್ಟರು. ನಾನು ನಗಲಿಲ್ಲ. ಚಪ್ಪಾಳೆ ಎಂದ ಕೂಡಲೇ ನನಗೆ ಎರಡು ಕಬ್ಬಿಣ ಕೂಡುವುದು ಕಂಡಿತು.

ಸಂಕ್ರಾಂತಿಗೆ ಮುಂಚೆ ಊರಿಗೆ ಬಂದೆವು. ಬಷೀರ್ ವರ್ಕ್‌ಶಾಪಿನಲ್ಲಿ ಸಣ್ಣಪುಟ್ಟ ವೆಲ್ಡಿಂಗ್ ಮಾತ್ರ ನಡೆಸಿಕೊಂಡಿದ್ದರು. ಪ್ರೆಸ್ಸನ್ನು ಮುಟ್ಟಿರಲಿಲ್ಲ. ಅದರ ಮುಖದ ಮೇಲೆ ಹಾರ ಕಪ್ಪಗೆ ಒಣಗಿ, ಹುರಿಯಂತಾಗಿ, ಇನ್ನೂ ನೇತಾಡುತ್ತಿತ್ತು. ಬಿದ್ದಿರಲಿಲ್ಲ. ಅತ್ತೆ ಅದರ ಮುಂದೆ ಹೋಗಿ ನಿಂತರು.

"ಕತ್ರಿ ತತ್ತಾರವ್ವ."

ತಂದುಕೊಟ್ಟೆ. ಎರಡು ಕಡೆಯೂ ದಾರ ಕತ್ತರಿಸಿ, ಹಾರವನ್ನು ಸೆರಗಿನಲ್ಲಿ ಹಿಡಿದು ಹಿತ್ತಲಿಗೆ ಹೋದರು. ಹಿಂದಿನಿಂದ ಬಷೀರ್, "ಅಮ್ಮ, ನೀವೇನು ಮಾಡ್ತೀರಿ. ನಮ್ಮ ಕೈಲೂ ಕತ್ರಿ ಇತ್ತು" ಎಂದರು. ಅತ್ತೆ ಹಾರವನ್ನು ತೆಂಗಿನ ಬುಡಕ್ಕೆ ಹಾಕಿದರು. ಆಮೇಲೆ ಬಷೀರ್ ಪ್ರೆಸ್ಸಿಗೆ ಗೋಣಿತಾಟು ಹೊದಿಸಿದರು.

ನೋಡಲು ಬಂದವರು ಬಹಳ. ನೊಣವಿನಕೆರೆಯಿಂದ ಬಂದ ಚಿಕ್ಕಮಾವ ಕಾಫಿ ಊದುತ್ತ, "ಹೋಗ್ಲಿ ಬುಡ್ಲಾ, ಎಡಗೈ ತಾನೆ. ಉಣ್ಣಾಕೆ ಬಲಗೈ ಐತೆ" ಎಂದರು. ಆಮೇಲೆ ಕಟ್ಟು ಬಿಚ್ಚಿದ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿ, "ಅಲ್ಲಾ, ಒಂದು ರೇಖೆಯೂ ಇಲ್ವಲ್ಲೋ. ಜೋಯಿಸರು ಏನು ನೋಡಿ ಹೇಳ್ಬೇಕು ನಿನ್ನ ಭವಿಷ್ಯ" ಎಂದರು. ಮಾತು ನಿಜ. ಹೊಸ ಅಂಗೈ ಮಗುವಿನ ಕೆನ್ನೆಯಂತೆ ಉಬ್ಬಿ, ನುಣ್ಣಗೆ, ಒಂದು ಗೆರೆಯೂ ಇಲ್ಲದೆ ಇತ್ತು.

ಆ ನುಣುಪೇ ತೊಡಕಾಯಿತು. ಸ್ನಾನ ಮಾಡಿ, ವಿಭೂತಿ ಧರಿಸಿ ಪೂಜೆಗೆ ಕೂತರು. ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಬೆರಳುಗಳ ಆಸರೆಯಿಲ್ಲ, ಮೆತ್ತಗಿನ ಉಬ್ಬು ಬೇರೆ. ಲಿಂಗ ಜಾರಿತು. ಬಲಗೈಯಿಂದ ಹಿಡಿದುಕೊಂಡರು. ಮತ್ತೆ ಇಟ್ಟರು, ಮತ್ತೆ ಜಾರಿತು. ಮೂರನೇ ಸಲ ಅವರು ಪ್ರಯತ್ನಿಸಲಿಲ್ಲ. ಕರಡಿಗೆ ಮುಚ್ಚಿ, ಗೋಡೆಯ ಕಡೆ ತಿರುಗಿ ಕೂತರು. ನಾನು ಪಕ್ಕದಲ್ಲಿ ನನ್ನ ಲಿಂಗ ಹಿಡಿದು ಕೂತಿದ್ದೆ. ನನ್ನ ಐದು ಬೆರಳು ನನಗೇ ನಾಚಿಕೆಯಾಗುವಂತೆ ನೆಟ್ಟಗಿದ್ದವು. ಅವತ್ತು ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಮರುದಿನದಿಂದ ಅವರು ಕಣ್ಣು ಮುಚ್ಚಿ ಕರಡಿಗೆಯನ್ನು ಹಣೆಗೆ ಮುಟ್ಟಿಸಿ ಏಳತೊಡಗಿದರು. ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದರು. ವರ್ಕ್‌ಶಾಪಿಗೆ ಕಾಲಿಡುತ್ತಿರಲಿಲ್ಲ. "ಒಂದು ಲಿಂಗ ಹಿಡಿಯಕ್ಕಾಗದ ಕೈ, ಕಬ್ಬಿಣ ಏನು ಹಿಡಿದೀತು" ಎಂದು ಒಮ್ಮೆ ಮಾತ್ರ ಅಂದರು.

ನನ್ನ ಕಾಯಿಲೆ ಬೆಳೆದದ್ದು ಈ ಕಾಲದಲ್ಲೇ. ಆಸ್ಪತ್ರೆಯಲ್ಲಿ ಎಲ್ಲರೂ ಎಚ್ಚರವಿರುತ್ತಾರೆ, ಅಲ್ಲಿ ಅದು ಗೊತ್ತಾಗಿರಲಿಲ್ಲ. ಮನೆಗೆ ಬಂದ ಮೇಲೆ ತಿಳಿಯಿತು. ನಮ್ಮ ಹಿತ್ತಲಿನ ಮರಗಳಿಂದ ಕಾಯಿ ಕೀಳಿಸುವುದಿಲ್ಲ. ಬಲಿತು ತಾವಾಗಿ ಬಿದ್ದದ್ದನ್ನು ಆರಿಸಿ ಕೊಬ್ಬರಿಗೆ ಅಟ್ಟಕ್ಕೆ ಹಾಕುತ್ತೇವೆ. ಕತ್ತಲಲ್ಲಿ ಒಂದು ಕಾಯಿ ಬೀಳುತ್ತದೆ. ಮೊದಲು ಗರಿಗಳ ನಡುವೆ ಒಂದು ಸರಸರ, ಆಮೇಲೆ ಅರೆಗಳಿಗೆ ಏನೂ ಇಲ್ಲ, ಆಮೇಲೆ ದಡ್. ಪ್ರೆಸ್ಸಿನ ಸದ್ದೇ. ನಾನು ಎದ್ದು ಕೂತಿರುತ್ತಿದ್ದೆ, ಎಡಗೈ ಎದೆಯ ಮೇಲೆ. ಅದಕ್ಕಿಂತ ಕೆಟ್ಟದ್ದು ಬೀಳದೆ ಇರುವುದು. ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು ಕಾಯುತ್ತಾ ಬೆಳಗಾಗುತ್ತಿತ್ತು. ಕಣ್ಣು ಮುಚ್ಚಿದರೆ ಅದೇ: ಕಾಲು ತೆಗೆದರು, ಕೈ ಹಾಕಿದರು, ಇಳಿಯಿತು. ಕೆಲವು ಸಲ ನಾನು ಕೂಗುತ್ತಿದ್ದೆ, ಅವರಿಗೆ ಕೇಳಿಸುತ್ತಿರಲಿಲ್ಲ. ಕೆಲವು ಸಲ ಕೈ ನನ್ನದಾಗಿರುತ್ತಿತ್ತು.

ಹಗಲಿನಲ್ಲಿ ತುರಿಮಣೆಯ ಮುಂದೆ ಕೂರಲಾಗುತ್ತಿರಲಿಲ್ಲ. ಎಡಗೈಯಲ್ಲಿ ತೆಂಗಿನ ಹೋಳು ಹಿಡಿದು ಆ ಹಲ್ಲಿನ ಹತ್ತಿರ ಒಯ್ಯಬೇಕು. ಒಯ್ದರೆ ಬೆವರು. ಮೊದಲ ದಿನ ಅತ್ತೆ, "ಏಳವ್ವ, ನಂಗೂ ಕೆಲಸ ಇಲ್ಲ" ಎಂದು ನನ್ನನ್ನು ಎಬ್ಬಿಸಿ ತಾವು ಕೂತರು. ಅಂದಿನಿಂದ ಕಾಯಿ ತುರಿಯುವುದು ಅವರ ಪಾಲಾಯಿತು.

ಕೊನೆಗೆ ಅವರೇ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಮ್ಮ ಬೀದಿಯ ಹಳೆಯ ಡಾಕ್ಟರು. ನಾನು ತಲೆನೋವು ಎಂದೆ. ಅವರು ನಾಡಿ ಹಿಡಿಯುವಾಗ ಮುಚ್ಚಿದ ಮುಷ್ಟಿ ನೋಡಿದರು.

"ಇದು ಯಾವಾಗಿನಿಂದ ಹಿಂಗಿದೆ?"

ಹೇಳಿದೆ. ಎಲ್ಲ ಹೇಳಿದೆ. ಹೇಳುವಾಗ ಲೋಟ ನೆಲಕ್ಕಿಟ್ಟ ಜಾಗಕ್ಕೆ ಬಂದು ನಿಂತುಬಿಟ್ಟೆ.

"ನಾಟಕ ಅನ್ಕೊಂಡಿದೀರೇನಮ್ಮ ನೀವೇ ಇದನ್ನ?"

"ನನಗೇನೂ ಆಗಿಲ್ಲವಲ್ಲ ಡಾಕ್ಟರೇ."

"ಆಗಿದೆ. ಹೊಲಿಗೆ ಹಾಕೋ ಜಾಗ ಸಿಕ್ತಿಲ್ಲ, ಅಷ್ಟೆ." ಅವರು ಮಾತ್ರೆ ಬರೆದರು. "ಸ್ವಲ್ಪ ದಿನ ತಗೊಳಿ. ಆ ಮೆಷಿನ್ನು ಈಗ ಎಲ್ಲಿದೆ?"

"ಅಲ್ಲೇ ಇದೆ. ಗೋಣಿ ಹೊದಿಸಿದ್ದೇವೆ."

"ಮುಚ್ಚಿಟ್ಟಿರೋವರೆಗೆ ಅದು ನಿಮ್ಮ ತಲೇಲಿ ಇಳೀತಾನೇ ಇರ್ತದೆ. ಅದು ಯಾಕೆ ಇಳೀತು ಅಂತ ಯಾರಾದ್ರೂ ನೋಡಿದೀರಾ?"

ಯಾರೂ ನೋಡಿರಲಿಲ್ಲ. ದೈವ, ಗ್ರಹಚಾರ, ಎಡಗೈ ತಾನೆ, ಇಷ್ಟರಲ್ಲೇ ಮುಗಿಸಿದ್ದೆವು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಎದ್ದು ಒಳಗೆ ಹೋದರು. ಅಂಗಳದಲ್ಲಿ ಅತ್ತೆ ಹಳೆಯ ಹತ್ತಿ ಸೀರೆಯ ಅಂಚನ್ನು ಹರಿದು ಏನೋ ಸುತ್ತುತ್ತ ಕೂತಿದ್ದರು. ನೋಡಿದರೆ ಸಿಂಬಿ. ನೀರಿನ ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಬಳೆ, ಆದರೆ ಇದು ಉದ್ದಿನವಡೆಯಷ್ಟೇ ಇತ್ತು.

ಮಾರನೆಯ ಬೆಳಗ್ಗೆ ಅದನ್ನು ಮಡಿಯಲ್ಲಿ ತೊಳೆದು, ಒಣಗಿಸಿ, ಮಗನ ಮುಂದೆ ಇಟ್ಟರು. "ಕೈ ಹಿಡಿ."

"ಬ್ಯಾಡ ಬುಡವ್ವ. ನಿಲ್ಲಕಿಲ್ಲ ಅದು."

"ತುಂಬಿದ ಕೊಡ ತಲೆ ಮ್ಯಾಲೆ ನಿಲ್ತದೆ. ಕೈ ಹಿಡಿಲಾ."

"ಬೆರಳೇ ಇಲ್ವಲ್ಲವ್ವ."

"ಬೆರಳ ಮ್ಯಾಲೆ ಇಡು ಅಂತ ಯಾರು ಹೇಳಿದ್ರು ನಿಂಗೆ? ಅಂಗೈ ಮ್ಯಾಲೆ ಕಣ್ಲಾ ಇಡೋದು. ಆ ಡಾಕ್ಟ್ರ ಹತ್ರ ನಾನು ಬೇಡಿಕೊಂಡು ಬಂದಿರೋದು ಅದನ್ನೇ."

ಅವರು ಕೈ ಚಾಚಿದರು. ಅತ್ತೆ ಸಿಂಬಿಯನ್ನು ಆ ನುಣ್ಣಗಿನ ಉಬ್ಬಿನ ಮೇಲೆ ಕೂರಿಸಿ, ಕೈ ಹಿಂದಕ್ಕೆ ತೆಗೆದರು. ಲಿಂಗವನ್ನು ಯಜಮಾನರೇ ಇಟ್ಟುಕೊಳ್ಳಬೇಕು. ಇಟ್ಟುಕೊಂಡರು. ಲಿಂಗ ಅಲುಗಿತು, ನಿಂತಿತು. ಅವರು ನೀರೆರೆದರು, ವಿಭೂತಿ ಇಟ್ಟರು, ಪತ್ರೆ ಏರಿಸಿದರು. ಅತ್ತೆ ಸದ್ದಿಲ್ಲದೆ ಎದ್ದು ಒಲೆಯ ಮುಂದೆ ಹೋಗಿ ಕೂತು ಬಹಳ ಹೊತ್ತು ಸೌದೆ ಮುಂದಕ್ಕೆ ತಳ್ಳುತ್ತಲೇ ಇದ್ದರು. ಆ ದಿನ ಯಜಮಾನರು ಇನ್ನೊಂದು ಮುದ್ದೆ ಕೇಳಿ ಉಂಡರು.

ಅದಾದ ಕೆಲವು ದಿನಗಳಲ್ಲಿ ಅವರು ಗೋಣಿತಾಟು ತೆಗೆದರು. ಅವರ ಬಲಗೈ, ಬಷೀರ್ ಅವರ ಎರಡು ಕೈ. ನಾನು ಬಾಗಿಲಲ್ಲಿ, ಅದೇ ಜಾಗದಲ್ಲಿ ನಿಂತೆ. ಬೇಕೆಂದೇ ನಿಂತೆ. ಕರೆಂಟಿನ ತಂತಿ ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ದೊಡ್ಡ ಚಕ್ರದ ಪಕ್ಕದ ಮುಚ್ಚಳ ತೆಗೆದಾಗ ಒಳಗೆ ಒಂದು ಸ್ಪ್ರಿಂಗು ತುಂಡಾಗಿತ್ತು. ಪ್ರೆಸ್ಸು ಒಮ್ಮೆ ಇಳಿದು ಏರಿದ ಮೇಲೆ ಅದನ್ನು ತಡೆದು ನಿಲ್ಲಿಸುವ ಸ್ಪ್ರಿಂಗು. ಯಜಮಾನರು ಅದನ್ನು ಬಲ ಅಂಗೈಯಲ್ಲಿ ಇಟ್ಟುಕೊಂಡು ಬೆಳಕಿಗೆ ಹಿಡಿದರು.

"ತುಂಡಾದ ಜಾಗ ತುಕ್ಕು ಹಿಡಿದೈತೆ ನೋಡಿ ಬಷೀರಣ್ಣ. ಅವತ್ತು ಮುರಿದಿದ್ದಲ್ಲ ಇದು. ಅದಕ್ಕೂ ಮುಂಚೆ."

"ಹಬ್ಬಕ್ಕೆ ಮುಂಚೆ ಒಂದು ದಿನ ಎರಡು ಸಲ ಇಳೀತು ಅಣ್ಣ. ನಿಮ್ಮ ಕಾಲು ಪೆಡಲ್ ಮೇಲೇ ಇರಬೇಕು ಅನ್ಕೊಂಡೆ."

"ನೀವು ತುಳಿದ್ರಿ ಅಂತ ನಾನನ್ಕೊಂಡೆ."

ಅಂದರೆ ಅದು ಮೊದಲೇ ಹಾಗೆ ಇಳಿಯುತ್ತಿತ್ತು. ಜಾಲರಿ ಇದ್ದದ್ದರಿಂದ ಯಾರ ಕೈಯೂ ಒಳಗಿರಲಿಲ್ಲ, ಹಾಗಾಗಿ ಯಾರಿಗೂ ಅದು ಲೆಕ್ಕಕ್ಕೆ ಬರಲಿಲ್ಲ. ಗೋಡೆಗೆ ಒರಗಿದ್ದ ಆ ಜಾಲರಿಯ ಕಡೆ ನಾನು ನೋಡಿದೆ. ವಿಭೂತಿ ಪಟ್ಟೆ ಪ್ರೆಸ್ಸಿಗೆ ಬಿದ್ದಿತ್ತು, ಅದಕ್ಕೆ ಬಿದ್ದಿರಲಿಲ್ಲ.

ಯಾಕೆ ಎಂದು ತಿಳಿದ ಮಾತ್ರಕ್ಕೆ ನಿದ್ದೆ ಬರಲಿಲ್ಲ. ಬಂತು ಎಂದು ಬರೆದರೆ ಸುಳ್ಳಾದೀತು. ಆದರೆ ಕಣ್ಣು ಮುಚ್ಚಿದಾಗ ಈಗ ಪ್ರೆಸ್ಸಿನ ಜೊತೆ ಆ ಸ್ಪ್ರಿಂಗೂ ಕಾಣುತ್ತಿತ್ತು. ಕಾರಣವಿಲ್ಲದೆ ಇಳಿಯುವುದಕ್ಕಿಂತ ಕಾರಣವಿದ್ದು ಇಳಿಯುವುದು ಒಂದು ತೂಕ ಕಡಿಮೆ. ಡಾಕ್ಟರ ಮಾತ್ರೆ ಮೆಲ್ಲಗೆ ಅರ್ಧವಾಯಿತು, ಆಮೇಲೆ ನಿಂತಿತು. ಮಳೆಗಾಲದಲ್ಲಿ ಒಂದು ದಿನ ಅತ್ತೆಗೆ ಜ್ವರ ಬಂದಾಗ ತುರಿಮಣೆ ಎಳೆದುಕೊಂಡೆ. ಒಂದು ಹೋಳು ತುರಿದೆ, ಎರಡನೆಯದು ಬಿಟ್ಟೆ. ಒಳಗಿನಿಂದ ಅತ್ತೆ, "ಒಂದು ಸಾಕು, ಸಾರಿಗೆ ತಾನೆ" ಎಂದರು.

ಯಜಮಾನರು ಹೊಸ ಸ್ಪ್ರಿಂಗು ತರಿಸಿ ಹಾಕಿದರು. ಜಾಲರಿಯನ್ನು ಬೇರೆ ಥರ ಮಾಡಿದರು. ಅದಕ್ಕೊಂದು ಸರಳು ಬೆಸೆದು ಪೆಡಲಿನವರೆಗೆ ಇಳಿಸಿದರು. ಜಾಲರಿ ಮುಚ್ಚದಿದ್ದರೆ ಆ ಸರಳು ಪೆಡಲಿಗೆ ಅಡ್ಡ ಕೂರುತ್ತದೆ, ತುಳಿದರೂ ಪೆಡಲು ಇಳಿಯುವುದಿಲ್ಲ. ಉಳಿದ ಹೆಬ್ಬೆರಳಿಗೂ ಕಿರುಬೆರಳಿಗೂ ಮಧ್ಯೆ ತಗಡು ಹಿಡಿಯುವುದನ್ನು ಕಲಿತರು. ಮೊದಮೊದಲು ಬಹಳ ಬೀಳಿಸಿದರು. ಬೀಳಿಸಿದಾಗಲೆಲ್ಲ ಬಷೀರ್ ಕಣ್ಣೆತ್ತದೆ, "ಜವರಪ್ಪನ್ನ ಕರೆಸಲಾ ಅಣ್ಣ, ಇನ್ನೊಂದು ಕೈಗೆ?" ಎನ್ನುತ್ತಿದ್ದರು.

ಮತ್ತೆ ನವರಾತ್ರಿ ಬಂತು. ಆಯುಧಪೂಜೆಯ ದಿನ ಮೆಷಿನ್ನುಗಳನ್ನು ಒರೆಸಿದರು. ಅಭ್ಯಾಸ ಬಲದಿಂದ ಯಜಮಾನರ ಕೈ ಜಾಲರಿಯ ಬೋಲ್ಟಿಗೆ ಹೋಯಿತು, ನಿಂತಿತು. ಅತ್ತೆ ಸೇವಂತಿಗೆ ಹಾರ ಹಿಡಿದು ಬಂದಿದ್ದರು.

"ಬಿಚ್ಬ್ಯಾಡ."

"ಒಳಗೆ ವಿಭೂತಿ ಹಚ್ಬೇಕಲ್ಲವ್ವ."

"ಒಳಗಿರೋದು ಕಬ್ಬಿಣ. ಅದು ಯಾರನ್ನೂ ಕಾಯಾಕಿಲ್ಲ" ಎಂದರು. ಜಾಲರಿಗೆ ಮೂರು ಪಟ್ಟೆ ವಿಭೂತಿ ಎಳೆದರು, ಕುಂಕುಮ ಇಟ್ಟರು. ಹಾರವನ್ನು ಜಾಲರಿಯ ಮೇಲಂಚಿಗೆ ಕಟ್ಟಿ, ನನ್ನ ಕಡೆ ತಿರುಗಿದರು. "ಇದಕ್ಕೆ ದಾರ ಗಟ್ಟಿಯಾಗಿ ಕಟ್ಟಿದೀನಾ ನೋಡವ್ವ. ಬೀಳೋವರ್ಗೂ ಇರ್ಲಿ."

ಎಳೆದು ನೋಡಿದೆ. ಗಟ್ಟಿಯಾಗಿತ್ತು.

ವಿಜಯದಶಮಿಯ ದಿನ ಕರೆಂಟು ಬಂದಾಗ ಒಂದೇ ಒಂದು ಚಿಲಕ ಒತ್ತಿ ಮುಹೂರ್ತ ಮಾಡಿದರು. ನಾನು ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದೆ. ಪ್ರೆಸ್ಸು ಇಳಿಯಿತು, ಏರಿತು. ಎರಡನೇ ಇಳಿತಕ್ಕಾಗಿ ನನ್ನ ಮೈಯೆಲ್ಲ ಕಾಯುತ್ತಿತ್ತು. ಹಾರ ತೂಗಾಡಿತು. ಅವರು ಕೊಕ್ಕೆಯಿಂದ ಚಿಲಕವನ್ನು ಎಳೆದುಕೊಂಡರು. ಪ್ರೆಸ್ಸು ಮೇಲೆಯೇ ನಿಂತಿತ್ತು. ಇನ್ನೂ ಕಾದೆ. ನಿಂತೇ ಇತ್ತು.

"ಕಾಫಿ ಕೊಡ್ತೀಯೋ, ಇಲ್ಲ ಅಲ್ಲೇ ಆರಿಸ್ತೀಯೋ?" ಎಂದು ಎಡಗೈ ಚಾಚಿದರು. ಲೋಟವನ್ನು ಆ ಕೈಗೇ ಕೊಟ್ಟೆ.

ಅವತ್ತು ಬೇಗ ಮಲಗಿಕೊಂಡೆ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಗಾಬರಿಯಾಗಿ ಎದ್ದು ಹಿತ್ತಲಿಗೆ ಹೋದೆ. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಮರಗಳ ಕೆಳಗೆ ಕಾಯಿ ಆರಿಸುತ್ತಿದ್ದರು. ಬುಟ್ಟಿಯಲ್ಲಿ ಐದಾರು ಇದ್ದವು.

"ಇವು ಯಾವಾಗ ಬಿದ್ದವು ಅತ್ತೆ?"

"ರಾತ್ರಿ ಕಣವ್ವ. ಒಂದರ ಹಿಂದೆ ಒಂದು. ನಂಗೇ ನಿದ್ದೆ ಇಲ್ಲ." ಅವರು ಬಗ್ಗಿ ಇನ್ನೊಂದು ಎತ್ತಿಕೊಂಡರು. "ನಿಂಗೆ ಕೇಳಿಸ್ಲಿಲ್ವಾ?"